ಪುತ್ತರಿಗೆ ಮನೆ ತುಂಬುತ್ತಿದೆ: 31 ಜನ, 11 ವರ್ಷದ ನಂತರ

ಕಕ್ಕಬ್ಬೆ ಕಡೆಯವಳು

ಎಲ್ಲರಿಗೂ ನಮಸ್ಕಾರ. ಈ ಸಲದ ಪುತ್ತರಿಗೆ, ಅಂದರೆ ನಮ್ಮ ಕೊಡಗಿನ ಹೊಸ ಅಕ್ಕಿಯ ಹಬ್ಬ ಹುತ್ತರಿಗೆ, ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆಯಲ್ಲಿ) 31 ಜನ ಸೇರುತ್ತಾರೆ. ಮೂರು ಸಲ ಬೆರಳು ಮಡಚಿ ಎಣಿಸಿದ್ದೇನೆ, ಲೆಕ್ಕ ತಪ್ಪಿಲ್ಲ. ನನ್ನ ಯಜಮಾನರೂ ಅವರ ಒಡಹುಟ್ಟಿದವರೂ, ನಾಲ್ವರೂ ಒಂದೇ ಸೂರಿನಡಿ ಸೇರಿ 11 ವರ್ಷವಾಯಿತು. ಕೊನೆಯ ಸಲ ಸೇರಿದ್ದು ಮಾವನವರು ತೀರಿಕೊಂಡಾಗ. ಆಗ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಹನ್ನೊಂದನೆಯ ದಿನ ಮುಗಿಸಿ, ಪೆಟ್ಟಿಗೆ ಕಟ್ಟಿಕೊಂಡು ಹೊರಟುಬಿಟ್ಟರು.

ದೊಡ್ಡ ಭಾವ ಟೊರಾಂಟೊದಲ್ಲಿದ್ದಾರೆ. ಎರಡನೆಯವರು ನನ್ನ ಯಜಮಾನರು. ತೋಟ, ಗದ್ದೆ ನೋಡಿಕೊಂಡು ನಾವು ಇಲ್ಲೇ ಇದ್ದೇವೆ. ನಾದಿನಿ ಮಸ್ಕತ್‌ನಲ್ಲಿ ದಾದಿಯಾಗಿದ್ದಾಳೆ. ಕೊನೆಯ ಮೈದುನ ಸೈನ್ಯದಲ್ಲಿದ್ದಾನೆ, ಈಗ ರಾಜಸ್ಥಾನದ ಕಡೆ. ಇನ್ನು ಚಿಕ್ಕಪ್ಪಂದಿರ ಮಕ್ಕಳು ಬೆಂಗಳೂರು, ಮೈಸೂರು ಎಂದು ಹಂಚಿಹೋಗಿದ್ದಾರೆ. ಅವರಲ್ಲೊಬ್ಬಳು ಮೆಲ್ಬರ್ನ್‌ನಲ್ಲಿದ್ದಾಳೆ. ಅತ್ತೆಗೆ 84. ಕಣ್ಣಿಗೆ ಪೊರೆ ಬಂದು ಮುಖಗಳೆಲ್ಲ ಮಸುಕು. ಆದರೆ ಓಣಿಯಲ್ಲಿ ನಡೆದು ಬರುವವರ ಹೆಜ್ಜೆ ಸದ್ದಿಗೇ ಯಾರೆಂದು ಹೇಳಿಬಿಡುತ್ತಾರೆ.

ಮೊನ್ನೆ ಅಡುಗೆಮನೆಯ ಕಪಾಟು ಒರೆಸುತ್ತಿದ್ದೆ. ಹಿಂದಿನ ಸಾಲಿನಲ್ಲಿ ಕಾಚಂಪುಳಿಯ, ಅಂದರೆ ಅಡುಗೆಗೆ ಹಾಕುವ ಹುಳಿ ರಸದ, ನಾಲ್ಕು ಬಾಟಲಿಗಳಿದ್ದವು. ಮಳೆಗಾಲದಲ್ಲಿ ಅತ್ತೆಯೇ ಒಲೆಯ ಮುಂದೆ ಕುಳಿತು, ರಸ ಕಪ್ಪಾಗಿ ಗಟ್ಟಿಯಾಗುವವರೆಗೆ ಕಾಯಿಸಿದ್ದು. ಪ್ರತಿ ಬಾಟಲಿಯ ಕೊರಳಿಗೂ ಒಂದೊಂದು ದಾರ. ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು, ಕೊನೆಯದಕ್ಕೆ ನಾಲ್ಕು. ಏನೆಂದು ಕೇಳಿದೆ. ‘ಹುಟ್ಟಿದ ಕ್ರಮ. ಕಣ್ಣು ಕಾಣದಿದ್ದರೂ ಬೆರಳಿಗೆ ಗೊತ್ತಾಗಬೇಕಲ್ಲ’ ಎಂದರು. ಹಬ್ಬದ ವಿಷಯ ನಾವು ಮಕ್ಕಳಿಗೆ ಫೋನಿನಲ್ಲಿ ಹೇಳುವುದಕ್ಕೂ ಎರಡು ತಿಂಗಳು ಮೊದಲೇ ಕಟ್ಟಿಟ್ಟಿದ್ದಾರೆ.

ಈಗ ನನ್ನ ತೊಡಕು. ಪುತ್ತರಿಯ ದಿನ ಇನ್ನೂ ಗೊತ್ತಾಗಿಲ್ಲ. ಟೊರಾಂಟೊ ಭಾವನಿಗೆ ಡಿಸೆಂಬರ್ 18ರ ನಂತರವೇ ರಜೆ, ಮಕ್ಕಳ ಶಾಲೆಯೂ ಆಗಲೇ ಬಿಡುವುದು. ಹಬ್ಬ ಅದಕ್ಕೂ ಮೊದಲೇ ಬಂದುಬಿಡುತ್ತದೆ. ಅವರು ಒಬ್ಬರೇ ಹಬ್ಬಕ್ಕೆ ಬಂದು ಹೋಗಲೋ, ಸಂಸಾರ ಸಮೇತ ತಡವಾಗಿ ಬರಲೋ ಎಂದು ನನ್ನನ್ನೇ ಕೇಳಿದ್ದಾರೆ. ನಾನು ಏನು ಹೇಳಲಿ? ಹೀಗೆ ದೂರದವರನ್ನೆಲ್ಲ ಕೂಡಿಸಿದ ಅನುಭವವಿರುವವರು ದಯವಿಟ್ಟು ಬರೆಯಿರಿ. ಮಲಗಿಸುವುದು, ಉಣ್ಣಿಸುವುದು, ಬಿಸಿನೀರು ಕೊಡುವುದು, ಎಲ್ಲದಕ್ಕೂ ಸಲಹೆ ಬೇಕು.

ನಾಪೋಕ್ಲು ಮೇಷ್ಟ್ರು

ಓದಿ ಮನಸ್ಸು ತುಂಬಿತಮ್ಮಾ. ದಿನದ ವಿಷಯಕ್ಕೆ ಬರುತ್ತೇನೆ. ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ದಿನವೂ ಮುಹೂರ್ತವೂ ನಿಶ್ಚಯವಾದ ಮೇಲೆಯೇ ನಾಡಿಗೆಲ್ಲ ತಿಳಿಯುವುದು. ಆ ದೇವಸ್ಥಾನ ನಿಮ್ಮ ಊರಿನಲ್ಲೇ ಇದೆ. ಮೊದಲ ಸುದ್ದಿ ನಿಮಗೇ ಮುಟ್ಟುತ್ತದೆ. ಆದರೆ ವಿಮಾನದ ಟಿಕೆಟ್ ಅಲ್ಲಿಯವರೆಗೆ ಕಾಯುವುದಿಲ್ಲ ಎಂಬುದು ನಿಜ.

ಒಂದು ದಾರಿ ಇದೆ. ಪುತ್ತರಿ ಬರುವುದು ಹುಣ್ಣಿಮೆಯ ಆಸುಪಾಸಿನಲ್ಲಿ, ರೋಹಿಣಿ ನಕ್ಷತ್ರ ನೋಡಿಕೊಂಡು. 2023ರಲ್ಲಿ ನವೆಂಬರ್ 27ಕ್ಕೆ ಬಂತು. 2024ರಲ್ಲಿ ಡಿಸೆಂಬರ್ 14ಕ್ಕೆ. ಎರಡು ವರ್ಷಗಳ ನಡುವೆಯೇ ಎರಡು ವಾರಕ್ಕೂ ಹೆಚ್ಚು ಅಂತರ. ಅದಕ್ಕೇ ‘ಹೋದ ವರ್ಷದ ತಾರೀಕಿಗೇ ಬರುತ್ತೇನೆ’ ಎಂದು ಯಾರೂ ಟಿಕೆಟ್ ತೆಗೆಯಬಾರದು. ಪಂಚಾಂಗ ತೆರೆದು ಆ ಹುಣ್ಣಿಮೆಯನ್ನು ಗುರುತಿಸಿ, ಅದರ ಹಿಂದೆ ಮೂರು ದಿನ, ಮುಂದೆ ಮೂರು ದಿನ ಇಟ್ಟುಕೊಂಡು ಟಿಕೆಟ್ ತೆಗೆಯಲು ಹೇಳಿ. ನನ್ನ ಮಗಳು ಹಾಗೆಯೇ ಬರುತ್ತಾಳೆ, ಈವರೆಗೆ ತಪ್ಪಿಲ್ಲ. ಕೊಡಗು ಜಿಲ್ಲೆಗೆ ಹುತ್ತರಿಯ ದಿನ ಸ್ಥಳೀಯ ರಜೆ ಇರುವುದರಿಂದ ಇಲ್ಲಿನ ಶಾಲಾ ಮಕ್ಕಳಿಗೆ ತೊಂದರೆಯಿಲ್ಲ. ಬೆಂಗಳೂರು, ಮೈಸೂರಿನ ಮಕ್ಕಳಿಗೆ ಆ ರಜೆ ಇಲ್ಲ, ಮುಂಚಿತವಾಗಿ ಶಾಲೆಗೆ ಪತ್ರ ಕೊಡಲಿ.

ಮಸ್ಕತ್ತಿನಿಂದ ಒಬ್ಬಳು

ಅಕ್ಕಾ, ನಿಮ್ಮ ನಾದಿನಿ ಇರುವ ಊರಿನಲ್ಲೇ ನಾನೂ ಇದ್ದೇನೆ. ಅವರಿಗೆ ಬೆಂಗಳೂರಿಗೆ ಇಳಿಯಬೇಡಿ ಎಂದು ಹೇಳಿ. 2018ರ ಡಿಸೆಂಬರ್ 9ರಂದು ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ನಮಗೆ ಕೊಡಗು ಹತ್ತಿರವಾಗಿದೆ. ಆ ನಿಲ್ದಾಣವಿರುವ ಮಟ್ಟನ್ನೂರಿನಲ್ಲಿ ಇಳಿದರೆ ಇರಿಟ್ಟಿ, ಮಾಕುಟ್ಟ, ಪೆರುಂಬಾಡಿ ಹಾದು ವಿರಾಜಪೇಟೆಗೆ ಸುಮಾರು 60 ಕಿಲೋಮೀಟರ್. ಬೆಂಗಳೂರಿನಿಂದ ಬರುವುದಾದರೆ ಇಳಿದ ಮೇಲೂ 250 ಕಿಲೋಮೀಟರ್‌ಗಿಂತ ಹೆಚ್ಚು ರಸ್ತೆ ಪ್ರಯಾಣ. ಮಳೆಗಾಲದಲ್ಲಿ ಮಾಕುಟ್ಟದ ರಸ್ತೆಯನ್ನು ನಂಬುವಂತಿಲ್ಲ. ಡಿಸೆಂಬರ್‌ನಲ್ಲಿ ಆ ಭಯವಿಲ್ಲ.

ಕಳೆದ ಸಲ ನಾನು ಬೆಳಗಿನ ಜಾವ ಇಳಿದು, ಮಾಕುಟ್ಟದ ಕಾಡಿನ ತಿರುವಿನಲ್ಲಿ ಕಾರಿನ ಗಾಜು ಇಳಿಸಿದೆ. ಒದ್ದೆ ಎಲೆಯ ವಾಸನೆ ಒಳಗೆ ಬಂತು. ನನ್ನ ಎಂಟು ವರ್ಷದ ಮಗ ನಿದ್ದೆಗಣ್ಣಿನಲ್ಲೇ ‘ಅಜ್ಜನ ಮನೆ ಬಂತಾ?’ ಎಂದು ಕೇಳಿದ. ಅವನು ಕೊಡಗಿಗೆ ಬಂದಿದ್ದು ಅದು ಮೂರನೆಯ ಸಲ ಮಾತ್ರ. ವಾಸನೆ ನೆನಪಿಟ್ಟುಕೊಂಡಿದ್ದಾನೆ.

ವಿರಾಜಪೇಟೆ ಗಡಿಯಾರ ಕಂಬ

ನಮ್ಮದು ವಿರಾಜಪೇಟೆಯ ಕ್ರೈಸ್ತ ಕುಟುಂಬ. ನಾವು ಕೂಡುವುದು ಕ್ರಿಸ್ಮಸ್‌ಗೆ. ಇಲ್ಲಿನ ಸಂತ ಅನ್ನಮ್ಮ ಚರ್ಚ್ 1792ರಲ್ಲಿ ಶುರುವಾದದ್ದು, ಕೊಡಗಿನ ರಾಜರೇ ಜಾಗ ಕೊಟ್ಟದ್ದು. ಅಂದಿನಿಂದ ನಮ್ಮ ಹಿರಿಯರು ಇದೇ ಊರಿನವರು. ಅಣ್ಣ ತಮ್ಮಂದಿರು ಗೋವಾ, ಮುಂಬೈ, ದುಬೈ ಎಲ್ಲೇ ಇದ್ದರೂ 24ರ ರಾತ್ರಿಯ ಪೂಜೆಗೆ ಒಂದೇ ಬೆಂಚಿನಲ್ಲಿ ಕೂರಬೇಕು ಎಂದು ಅಮ್ಮನ ಆಸೆ.

ನಿಮ್ಮ ಭಾವನವರಿಗೆ ನನ್ನ ಸಲಹೆ: ಸಂಸಾರ ಸಮೇತ ರಜೆಯಲ್ಲೇ ಬರಲಿ. ಒಬ್ಬರೇ ಬಂದರೆ ತಾಯಿ ನೋಡುವುದು ಮಗನನ್ನು ಮಾತ್ರ. ಮೊಮ್ಮಕ್ಕಳು ಅಜ್ಜಿಯ ಕೈ ಹಿಡಿಯುವುದು ಯಾವಾಗ? ಹಬ್ಬ ವರ್ಷ ವರ್ಷ ಬರುತ್ತದೆ. 84 ವರ್ಷದ ತಾಯಿಯ ಮಾತು ಬೇರೆ. ಎಲ್ಲರೂ ಡಿಸೆಂಬರ್ ಕೊನೆಯ ವಾರಕ್ಕೇ ಬರುವಂತೆ ಮಾಡಿದರೆ ಹೇಗೆ?

ಕುಟ್ಟದ ಅಣ್ಣ

ಗಡಿಯಾರ ಕಂಬದವರ ಪ್ರೀತಿಗೆ ನಮಸ್ಕಾರ, ಆದರೆ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಪುತ್ತರಿಯನ್ನು ರಜೆ ನೋಡಿಕೊಂಡು ಸರಿಸಲಾಗುವುದಿಲ್ಲ. ಆ ರಾತ್ರಿ, ಆ ಹುಣ್ಣಿಮೆ, ಆ ಗಳಿಗೆ ಎಲ್ಲ ಸೇರಿದರೇ ಅದು ಪುತ್ತರಿ. ನೆಲ್ಲಕ್ಕಿ ನಡುಬಾಡೆಯ (ಮನೆಯ ನಡುಕೋಣೆಯ) ದೀಪದ ಮುಂದೆ ಎಲ್ಲರೂ ನಿಂತು, ಐದು ಬಗೆಯ ಎಲೆ ಜೋಡಿಸಿ ‘ನೆರೆ’ ಎಂಬ ಕಟ್ಟು ಕಟ್ಟಿ, ತಳಿಯತಕ್ಕಿ ಬೊಳ್ಚ (ಅಕ್ಕಿ ತುಂಬಿದ ತಟ್ಟೆಯ ಮೇಲಿನ ದೀಪ) ಹಿಡಿದು ಗದ್ದೆಗೆ ಇಳಿದು, ಕೋವಿಯ ಒಂದು ಗುಂಡು ಹಾರಿದ ಮೇಲೆ ಭತ್ತದ ಕದಿರಿಗೆ ಕತ್ತಿ ಹಾಕಿ, ‘ಪೊಲಿ ಪೊಲಿ ದೇವಾ’ (ದೇವರೇ, ಹೆಚ್ಚಲಿ) ಎಂದು ಒಟ್ಟಿಗೆ ಕೂಗುವುದನ್ನು ಡಿಸೆಂಬರ್ 25ಕ್ಕೆ ಮಾಡುವುದು ಹೇಗೆ? ಅಷ್ಟು ಹೊತ್ತಿಗೆ ಗದ್ದೆಯ ಕುಯ್ಲೂ ಮುಗಿದಿರುತ್ತದೆ.

ಬೇಸರ ಮಾಡಿಕೊಳ್ಳಬೇಡಿ. ನಮ್ಮ ಮನೆಯಲ್ಲಿ ಎರಡು ವರ್ಷ ಎಲ್ಲರ ಅನುಕೂಲ ನೋಡಿ ಭಾನುವಾರ ಊಟಕ್ಕೆ ಸೇರಿದೆವು. ಹಂದಿ ಕರಿಯೂ ಇತ್ತು, ಕಡಂಬುಟ್ಟೂ (ಅಕ್ಕಿ ತರಿಯ ಉಂಡೆ) ಇತ್ತು, ಜನವೂ ಇದ್ದರು. ಮಧ್ಯಾಹ್ನ ಮೂರಕ್ಕೆ ಎಲ್ಲರೂ ಮೊಬೈಲ್ ಹಿಡಿದು ಮೂಲೆಮೂಲೆಯಲ್ಲಿ ಕುಳಿತರು. ಕೂಡಿ ಮಾಡುವ ಕೆಲಸವೇ ಇರಲಿಲ್ಲ. ಗದ್ದೆಗೆ ನಡೆಯುವ ಆ ಕತ್ತಲ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೆಜ್ಜೆ ಹಾಕುವಾಗ, ಬದುವಿನಲ್ಲಿ ಜಾರಿದವರ ಕೈ ಹಿಡಿಯುವಾಗ ಆಗುವುದು ಊಟದ ಮೇಜಿನಲ್ಲಿ ಆಗುವುದಿಲ್ಲ.

ಮುಕ್ಕೋಡ್ಲು ಕಡೆಯವನು

ಕುಟ್ಟದ ಅಣ್ಣನ ಮಾತು ಸರಿ ಎನ್ನುತ್ತಲೇ ಒಂದು ಮಾತು ಸೇರಿಸುತ್ತೇನೆ. 2018ರ ಆಗಸ್ಟ್‌ನಲ್ಲಿ ನಮ್ಮ ಗದ್ದೆಯ ಮೇಲೆ ಗುಡ್ಡ ಬಂದು ಕೂತಿತು. ಮನೆಯ ಅರ್ಧ ಗೋಡೆ ನಿಂತಿತ್ತು, ಒಳಗೆ ಹೋಗುವಂತಿರಲಿಲ್ಲ. ಅಪ್ಪ ನಿಂತ ನೀರಿನಲ್ಲಿ ನಡೆದು, ತೂಗುದೀಪವನ್ನು ಸರಪಳಿ ಸಮೇತ ಬಿಚ್ಚಿಕೊಂಡು ಹೊರಗೆ ಬಂದರು. ಬೇರೇನನ್ನೂ ತರಲಿಲ್ಲ. ಬೈದೆವು. ಈಗ ಬೈಯುವುದಿಲ್ಲ.

ಈಗ ನಾವಿರುವುದು ಪುನರ್ವಸತಿ ಬಡಾವಣೆಯ ಎರಡು ಕೋಣೆಯ ಮನೆಯಲ್ಲಿ. ಆ ದೀಪ ಹಜಾರದಲ್ಲಿ ತೂಗುತ್ತಿದೆ. ಸೂರು ತಗ್ಗು, ಎತ್ತರದವರು ತಲೆ ಬಗ್ಗಿಸಿಯೇ ಅದರ ಕೆಳಗೆ ಹಾದುಹೋಗಬೇಕು. ಕದಿರಿಗೆ ಗೆಳೆಯನೊಬ್ಬನ ಗದ್ದೆಗೆ ಹೋಗುತ್ತೇವೆ. ತಂಗಿ ಹೈದರಾಬಾದಿನಿಂದ ಬರುತ್ತಾಳೆ, ಅಣ್ಣ ಪುಣೆಯಿಂದ. ಮೊದಲ ವರ್ಷ ಅಣ್ಣ ‘ಯಾವ ಮನೆಗೆ ಬರುವುದು?’ ಎಂದು ಕೇಳಿದ್ದ. ಅಪ್ಪ ‘ದೀಪ ಇರುವ ಮನೆಗೆ’ ಎಂದರು. ಆ ಮೇಲೆ ಅವನು ಒಂದು ವರ್ಷವೂ ತಪ್ಪಿಸಿಲ್ಲ.

ಅಕ್ಕಾ, ನಿಮ್ಮಲ್ಲಿ ಮನೆಯೂ ಇದೆ, ಗದ್ದೆಯೂ ಇದೆ, ಅತ್ತೆಯೂ ಇದ್ದಾರೆ. ಯಾರು ಯಾವ ದಿನ ಬಂದರೂ ಬರಲಿ, ಬಾಗಿಲು ತೆರೆದಿರಲಿ.

ಕಕ್ಕಬ್ಬೆ ಕಡೆಯವಳು

ಮುಕ್ಕೋಡ್ಲಿನ ತಮ್ಮಾ, ನಿಮ್ಮ ಬರಹವನ್ನು ಅತ್ತೆಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಆ ಹುಡುಗನ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು’ ಎಂದರು. ತಿಳಿಸಿದ್ದೇನೆ.

ಇನ್ನು ಪ್ರಾಯೋಗಿಕ ಮಾತು. ಮನೆಯಲ್ಲಿ ಬಚ್ಚಲು ಎರಡೇ. ಹಂಡೆಯ ನೀರು ಕಾಯಲು ಒಂದೂವರೆ ಗಂಟೆ. ಬೆಳಗಿನ ಮಂಜಿನಲ್ಲಿ 31 ಜನಕ್ಕೆ ಸ್ನಾನ ಮಾಡಿಸುವುದು ಹೇಗೆ? ಬೆಂಗಳೂರಿನ ಸೊಸೆಯೊಬ್ಬಳು ಸಸ್ಯಾಹಾರಿ. ಟೊರಾಂಟೊದ ಮಕ್ಕಳಿಗೆ ಕೊಡವ ತಕ್ಕ್ (ಕೊಡವ ಭಾಷೆ) ಬಾರದು, ಕನ್ನಡವೂ ನಾಲ್ಕೈದು ಮಾತು. ಅಜ್ಜಿಯನ್ನು ನಮ್ಮಲ್ಲಿ ‘ತಾಯಿ’ ಎನ್ನುತ್ತೇವೆ, ಆ ಒಂದು ಪದ ಮಾತ್ರ ಸ್ಪಷ್ಟವಾಗಿ ಹೇಳುತ್ತಾರೆ. ಅದೇ ಹೊತ್ತಿಗೆ ತೋಟದಲ್ಲಿ ಅರೇಬಿಕಾ ಹಣ್ಣಾಗಿರುತ್ತದೆ, ಕಣದಲ್ಲಿ ಕಾಫಿ ಹರಡಿರುತ್ತದೆ. ಕೊಯ್ಲಿನ ಆಳುಗಳಿಗೂ ಊಟ, ನೆಂಟರಿಗೂ ಊಟ.

ಭಾಗಮಂಡಲದ ಚಿಕ್ಕಮ್ಮ

ನಾವು ಅರೆಭಾಷೆಯವರು, ನಮ್ಮ ಮನೆಯಲ್ಲೂ ಹುತ್ತರಿಗೆ ಇಪ್ಪತ್ತೈದಕ್ಕೆ ಕಡಿಮೆ ಜನ ಇರುವುದಿಲ್ಲ. ಮಗಳೇ, ಹೆದರಬೇಡ.

ಬಿಸಿನೀರಿಗೆ ಅಂಗಳದ ಮೂಲೆಯಲ್ಲಿ ಮೂರು ಕಲ್ಲಿಟ್ಟು ಇನ್ನೊಂದು ದೊಡ್ಡ ಪಾತ್ರೆ ಏರಿಸು. ಕಾಫಿ ಗಿಡ ಸವರಿದ ಒಣ ರೆಂಬೆ ಇರುತ್ತದಲ್ಲ, ಅದನ್ನು ಈಗಲೇ ಕೊಟ್ಟಿಗೆಯಲ್ಲಿ ಒಣಗಲು ಇಡು. ಮಕ್ಕಳಿಗೆ ಸಂಜೆಯೇ ಸ್ನಾನ ಮಾಡಿಸಿಬಿಡು, ಬೆಳಗ್ಗೆ ಹಿರಿಯರಿಗೆ ಮಾತ್ರ. ಮಲಗಲು ಗಂಡಸರಿಗೆ ಕೈಯಾಲೆ (ಮುಂದಿನ ಜಗಲಿ), ಮಕ್ಕಳಿಗೆಲ್ಲ ಒಂದೇ ಕೋಣೆಯಲ್ಲಿ ಸಾಲಾಗಿ ಚಾಪೆ. ಆ ಮಕ್ಕಳು ದೊಡ್ಡವರಾದ ಮೇಲೆ ನೆನಪಿಟ್ಟುಕೊಳ್ಳುವುದು ಆ ಚಾಪೆಯ ಸಾಲನ್ನೇ. ಗೆಸ್ಟ್ ಹೌಸ್‌ನಲ್ಲಿ ಕೋಣೆ ಮಾಡಿಸುವ ಯೋಚನೆ ಬಂದರೂ ಬಿಟ್ಟುಬಿಡು. ಡಿಸೆಂಬರ್‌ನಲ್ಲಿ ಕೊಡಗಿನ ಹೋಂಸ್ಟೇಗಳು ಪ್ರವಾಸಿಗರಿಂದ ತುಂಬಿರುತ್ತವೆ. ಮನೆಯವರು ಮನೆಯಲ್ಲೇ ಮಲಗಲಿ.

ಅಡುಗೆಗೆ: ಕಡಂಬುಟ್ಟಿಗೆ ಬೇಕಾದ ಅಕ್ಕಿ ತರಿ ಒಂದು ವಾರ ಮೊದಲೇ ಒಡೆಸಿಡು. ತಂಬಿಟ್ಟಿಗೆ ಅಕ್ಕಿ ಹುರಿದು, ಏಲಕ್ಕಿ ಸೇರಿಸಿ ಪುಡಿ ಮಾಡಿ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಡು. ಬಾಳೆಹಣ್ಣನ್ನು ಮಾತ್ರ ಆ ರಾತ್ರಿಯೇ ಕಿವುಚಬೇಕು. ಹಣ್ಣು ಚೆನ್ನಾಗಿ ಕಳಿತಿರಬೇಕು, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದಿರಬೇಕು. ಇಲ್ಲದಿದ್ದರೆ ತಂಬಿಟ್ಟು ಒಣಗಿ ಗಂಟಲಿಗೆ ಅಂಟುತ್ತದೆ. ಅದಕ್ಕೆ ಗೊನೆಯನ್ನು ನಾಲ್ಕೈದು ದಿನ ಮೊದಲೇ ಕಡಿದು, ಬೂಸಾ ಚೀಲದಲ್ಲಿ ಮುಚ್ಚಿಡು. ಮೇಲೆ ತುಪ್ಪ, ಎಳ್ಳು, ತೆಂಗಿನ ತುರಿ. ಸಸ್ಯಾಹಾರಿ ಸೊಸೆಗೆ ಕಳಲೆ ಪಲ್ಯ, ಅಣಬೆ ಕರಿ, ನೂಲ್‌ಪುಟ್ಟಿಗೆ (ಅಕ್ಕಿ ಶ್ಯಾವಿಗೆಗೆ) ಕಾಯಿಹಾಲು. ಪುತ್ತರಿ ಗೆಣಸು ಬೇಯಿಸಿ ಜೇನು ಸುರಿದರೆ ಅವಳ ಎಲೆಯೇ ಮಿಕ್ಕವರ ಎಲೆಗಿಂತ ಚೆನ್ನಾಗಿರುತ್ತದೆ.

ಪಾಲಿಬೆಟ್ಟದ ಲೈನ್ ಮನೆ ಮಗಳು

ನಾನು ಹುಟ್ಟಿ ಬೆಳೆದದ್ದು ಪಾಲಿಬೆಟ್ಟ ಸಮೀಪದ ತೋಟವೊಂದರ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ. ಅಪ್ಪ, ಅಮ್ಮ ಕಾಫಿ ಕೊಯ್ಯುವವರು. ಅಣ್ಣಂದಿರಿಬ್ಬರು ತಿರುಪ್ಪೂರಿನ ಬಟ್ಟೆ ಕಾರ್ಖಾನೆಯಲ್ಲಿದ್ದಾರೆ, ನಾನು ಮೈಸೂರಿನಲ್ಲಿ ಕೆಲಸ ಮಾಡುತ್ತೇನೆ. ಪುತ್ತರಿಯ ಹೊತ್ತಿಗೆ ಅರೇಬಿಕಾ, ಜನವರಿಯಿಂದ ರೊಬಸ್ಟಾ. ಅದು ಮುಗಿಯುವವರೆಗೆ ಅಮ್ಮನಿಗೆ ಬಿಡುವಿಲ್ಲ. ಎಲ್ಲರ ಮನೆಯಲ್ಲಿ ನೆಂಟರು ಬರುವ ಕಾಲ ನಮಗೆ ದುಡಿಮೆಯ ಕಾಲ. ಹಾಗಾಗಿ ನಮ್ಮ ಕೂಟ ಏಪ್ರಿಲ್‌ನಲ್ಲಿ, ಹೂಮಳೆ ಬಿದ್ದು ಕಾಫಿ ಹೂ ಅರಳಿ ತೋಟವೆಲ್ಲ ಬಿಳಿಯಾಗಿರುವಾಗ. ಅಣ್ಣಂದಿರು ರಾತ್ರಿ ಬಸ್ ಹತ್ತಿ ಬರುತ್ತಾರೆ, ಅಮ್ಮ ಲೈನಿನ ಮುಂದಿನ ಕಲ್ಲಿನ ಮೇಲೆ ಬೆಳಗಿನ ಐದಕ್ಕೇ ಕುಳಿತಿರುತ್ತಾಳೆ.

ಅಕ್ಕಾ, ಒಂದು ವಿನಂತಿ. ಹಬ್ಬದ ದಿನ ನಿಮ್ಮ ತೋಟದ ಕೊಯ್ಲಿನವರಿಗೆ ರಜೆ ಕೊಡಿ, ಕೂಲಿ ಕಡಿಯದೆ ಕೊಡಿ. ಅವರಿಗೂ ಎಲ್ಲೋ ಒಬ್ಬ ಮಗ ಇರುತ್ತಾನೆ, ಫೋನ್ ಮಾಡಲು ಒಂದು ಹಗಲು ಬೇಕಾಗಿರುತ್ತದೆ.

ಕಕ್ಕಬ್ಬೆ ಕಡೆಯವಳು

ಖಂಡಿತ ಕೊಡುತ್ತೇನೆ ತಂಗೀ. ಯಜಮಾನರ ಹತ್ತಿರ ಆಗಲೇ ಮಾತನಾಡಿ ಆಯಿತು. ಹಬ್ಬದ ದಿನ ಮತ್ತು ಮರುದಿನ, ಎರಡೂ ದಿನ.

ಈಗ ಮೆಲ್ಬರ್ನ್, ಊರು ಅಮ್ಮತ್ತಿ

ಇಲ್ಲಿಯವರೆಗೆ ಬರೆದವರೆಲ್ಲ ಮನೆಯಲ್ಲಿ ಕಾಯುವವರು. ನಾನು ಬರುವವನು. ಬರುವವರ ಕಡೆಯ ಮಾತನ್ನೂ ಸ್ವಲ್ಪ ಹೇಳುತ್ತೇನೆ.

ಆರು ವರ್ಷ ನಾನು ಪುತ್ತರಿಯನ್ನು ಮೊಬೈಲ್ ಪರದೆಯಲ್ಲಿ ನೋಡಿದೆ. ಊರಿನಲ್ಲಿ ರಾತ್ರಿ ಎಂಟೂವರೆಗೆ ಕದಿರು ತೆಗೆದರೆ ಇಲ್ಲಿ ನಡುರಾತ್ರಿ ಎರಡು ಗಂಟೆ. ಗದ್ದೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ತಮ್ಮ ಫೋನ್ ಎತ್ತಿ ಹಿಡಿದು ಓಡುತ್ತಾನೆ, ಕತ್ತಲೆ ಕಾಣುತ್ತದೆ, ಪಂಜಿನ ಬೆಳಕೊಂದು ಅಲ್ಲಾಡುತ್ತದೆ, ಗುಂಡಿನ ಸದ್ದಿನ ಅರ್ಧ ಕೇಳಿಸುತ್ತದೆ, ಚಿತ್ರ ನಿಂತುಹೋಗುತ್ತದೆ. ನಾನು ಈ ಕಡೆ ಅಡುಗೆಮನೆಯಲ್ಲಿ ಒಬ್ಬನೇ ನಿಂತು, ಹೆಂಡತಿ ಮಕ್ಕಳಿಗೆ ಎಚ್ಚರವಾಗದಂತೆ ಮೆಲ್ಲಗೆ ‘ಪೊಲಿ ಪೊಲಿ ದೇವಾ’ ಎನ್ನುತ್ತಿದ್ದೆ.

ಏಳನೆಯ ವರ್ಷ ಊರಿಗೆ ಬಂದೆ. ಅಕ್ಕರೆಯಿಂದ ನೋಡಿಕೊಂಡರು. ಕೂರಲು ಹೊಸ ಕುರ್ಚಿ, ಕುಡಿಯಲು ಬಾಟಲಿ ನೀರು, ಹೊರಗೆ ಹೊರಟರೆ ‘ನೀನು ಕೂತಿರು, ದಣಿದಿದ್ದೀಯ’. ಎರಡನೆಯ ದಿನಕ್ಕೆ ನನಗೆ ಅಳು ಬಂತು. ನಾನು ಹುಟ್ಟಿದ ಮನೆಯಲ್ಲಿ ನೆಂಟನಾಗಿಬಿಟ್ಟಿದ್ದೆ. ಮೂರನೆಯ ದಿನ ಅವ್ವ ಹುಣಸೆಹಣ್ಣು, ಬೂದಿ, ತೆಂಗಿನ ನಾರು ನನ್ನ ಮುಂದಿಟ್ಟು, ‘ದೀಪ ಉಜ್ಜು’ ಎಂದಳು. ಸರಪಳಿಯ ಪ್ರತಿ ಕೊಂಡಿಯ ಸಂದಿನಲ್ಲೂ ಎಣ್ಣೆ ಜಿಡ್ಡು ಕಪ್ಪಾಗಿ ಕೂತಿತ್ತು. ಉಗುರಿನಿಂದ ಕೆರೆದೆ. ಎರಡು ಗಂಟೆ ಹಿಡಿಯಿತು, ಬೆರಳ ತುದಿ ಉರಿಯುತ್ತಿತ್ತು. ಕೊನೆಗೆ ಹಿತ್ತಾಳೆಯ ಬಣ್ಣ ಬಂತು. ಆ ಎರಡು ಗಂಟೆಯಲ್ಲಿ ಅವ್ವ ಪಕ್ಕದಲ್ಲಿ ಕುಳಿತು, ನಾನಿಲ್ಲದ ಏಳು ವರ್ಷದ ಊರಿನ ಸುದ್ದಿಯನ್ನೆಲ್ಲ ಹೇಳಿದಳು.

ಆದ್ದರಿಂದ ಅಕ್ಕಾ, ಬರುವವರಿಗೆಲ್ಲ ಕೆಲಸ ಹಂಚಿ. ಟೊರಾಂಟೊದ ಮಕ್ಕಳಿಗೆ ನೆರೆಗೆ ಬೇಕಾದ ಮಾವಿನ ಎಲೆ, ಅರಳಿ ಎಲೆ ಕೊಯ್ದು ತರಲು ಹೇಳಿ. ಭಾಷೆ ಬಾರದಿದ್ದರೇನು, ಎಲೆ ತೋರಿಸಿದರೆ ಸಾಕು. ಬಂದವರು ಐಮರದ (ಜಗಲಿಯ ಮರದ ಆಸನದ) ಮೇಲೆ ಕುಳಿತ ಹಿರಿಯರ ಕಾಲು ಮುಟ್ಟುವುದನ್ನು, ಮೂರು ಸಲ ಮುಟ್ಟಿ ಹಣೆಗೊತ್ತಿಕೊಳ್ಳುವುದನ್ನು ನೋಡಿಯೇ ಕಲಿಯುತ್ತಾರೆ. ನನ್ನ ಮಗಳು ಹಾಗೆಯೇ ಕಲಿತಳು.

ಸೈನಿಕನ ಮನೆಯವಳು

ನಿಮ್ಮ ಮೈದುನನ ವಿಷಯಕ್ಕೆ ಒಂದೇ ಮಾತು. ರಜೆ ಮಂಜೂರಾಗಿದೆ ಎಂದು ಹೇಳಿದರೂ, ರೈಲು ಹತ್ತಿದ ಮೇಲೆಯೇ ಅತ್ತೆಗೆ ತಿಳಿಸಿ. ನಮ್ಮ ಮನೆಯಲ್ಲಿ ಎರಡು ಸಲ ಕೊನೆಯ ಗಳಿಗೆಯಲ್ಲಿ ರಜೆ ರದ್ದಾಯಿತು. ಮಾವ ಒಂದು ವಾರ ಊಟ ಬಿಟ್ಟಿದ್ದರು. ಬಂದರೆ ಮನೆಗೆ ಹಬ್ಬ ಇಮ್ಮಡಿ. ಬಾರದಿದ್ದರೆ ಅವನ ಎಲೆಯನ್ನೂ ಹಾಕಿ, ಹಾಗೆಯೇ ಮಡಚಿ.

ಕೊಡಗಿನಲ್ಲಿ ರೈಲಿಲ್ಲ, ಮೈಸೂರಿಗೆ ಇಳಿಯಬೇಕು. ರಾತ್ರಿ ಇಳಿದರೆ ಅಲ್ಲೇ ತಂಗಲಿ, ಆನೆ ಓಡಾಡುವ ದಾರಿಯಲ್ಲಿ ಕತ್ತಲಲ್ಲಿ ಆತುರ ಬೇಡ.

ಬೆಂಗಳೂರು–ಮಡಿಕೇರಿ ಓಡಾಡುವವನು

ಬೆಂಗಳೂರಿನ ಹುಡುಗರು ಬೈಕಿನಲ್ಲಿ ಬರುವ ಯೋಚನೆ ಇಟ್ಟುಕೊಂಡಿದ್ದರೆ ಈಗಲೇ ತಿಳಿಸಿ: 2023ರ ಆಗಸ್ಟ್ 1ರಿಂದ ಮೈಸೂರು ದಶಪಥ ಹೆದ್ದಾರಿಯ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಕ್ಕೆ ಅವಕಾಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಶುಕ್ರವಾರ ರಾತ್ರಿ, ಶನಿವಾರ ಬೆಳಗ್ಗೆ ಕುಶಾಲನಗರದ ಹತ್ತಿರ ಪ್ರವಾಸಿಗರ ವಾಹನಗಳ ಸಾಲು ಕರಗುವುದೇ ಇಲ್ಲ. ವಾರದ ನಡುವೆ ಹೊರಡುವುದು ಒಳ್ಳೆಯದು.

ಹಬ್ಬದ ಮರುದಿನ ಮಕ್ಕಳಿಗೆ ಬೇಸರವಾದರೆ ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಈಗ ವಸ್ತು ಸಂಗ್ರಹಾಲಯವಾಗಿದೆ, 2021ರಿಂದ. ಸೈನ್ಯದಲ್ಲಿರುವ ಚಿಕ್ಕಪ್ಪನೇ ಕರೆದುಕೊಂಡು ಹೋಗಿ ತೋರಿಸಲಿ.

ಕರಡದ ಹಾಕಿ ಅಭಿಮಾನಿ

ಬೇಸಿಗೆ ರಜೆಯಲ್ಲಿ ಬರುವವರಿಗೆ ಇನ್ನೊಂದು ಕೂಟ ಇದ್ದೇ ಇದೆ. 1997ರಲ್ಲಿ ನಮ್ಮ ಕರಡದಲ್ಲಿ 60 ಕುಟುಂಬಗಳ ತಂಡಗಳಿಂದ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಮುಟ್ಟಿತು, ಗಿನ್ನೆಸ್ ದಾಖಲೆಯೂ ಆಯಿತು. ಮನೆಹೆಸರಿನ ಅಂಗಿ ತೊಟ್ಟು ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಈ ಸಲ ಪುತ್ತರಿಗೆ ತಪ್ಪಿದವರಿಗೆ ಏಪ್ರಿಲ್ ಇದೆ ಎಂದು ಹೇಳಿ.

ವಿರಾಜಪೇಟೆ ಗಡಿಯಾರ ಕಂಬ

ಕುಟ್ಟದ ಅಣ್ಣಾ, ನಿಮ್ಮ ಮಾತನ್ನು ಮತ್ತೆ ಮತ್ತೆ ಓದಿದೆ. ಹಬ್ಬವನ್ನು ಸರಿಸಿ ಎಂದದ್ದು ನನ್ನ ತಪ್ಪು. ನಮ್ಮ 24ರ ರಾತ್ರಿಯನ್ನು ಜನವರಿಗೆ ಸರಿಸಿ ಎಂದರೆ ನನ್ನ ಅಮ್ಮ ಒಪ್ಪುತ್ತಾಳೆಯೇ? ಇಲ್ಲ. ಆದರೆ ಟೊರಾಂಟೊದ ಮೊಮ್ಮಕ್ಕಳ ಮಾತನ್ನು ಮಾತ್ರ ನಾನು ಬಿಡಲಾರೆ.

ಕುಟ್ಟದ ಅಣ್ಣ

ಬಿಡಬೇಡಿ. ಅದು ನನಗೂ ಕೊರೆಯುತ್ತಿದೆ.

ಕಕ್ಕಬ್ಬೆ ಕಡೆಯವಳು

ಎಲ್ಲರಿಗೂ ಕೈಮುಗಿಯುತ್ತೇನೆ. ಇಷ್ಟು ಜನ ನಮ್ಮ ಮನೆಯ ಹಬ್ಬವನ್ನು ತಮ್ಮದೆಂದು ತಿಳಿದು ಬರೆದಿರಿ.

ನಿನ್ನೆ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆಯ ಹತ್ತಿರವೇ ಕೇಳಿದೆ. ಇಷ್ಟು ದಿನ ಅವರನ್ನೇ ಕೇಳಿರಲಿಲ್ಲ, ನೊಂದುಕೊಳ್ಳುತ್ತಾರೆಂಬ ಭಯ. ಭಾವ ಹಬ್ಬಕ್ಕೆ ಒಬ್ಬರೇ ಬರಲೋ, ಎಲ್ಲರೂ ಸೇರಿ ತಡವಾಗಿ ಬರಲೋ ಎಂದೆ. ಅವರು ಯೋಚಿಸಲೂ ಇಲ್ಲ. ‘ಕದಿರು ಎಲ್ಲಿ ಕಟ್ಟುತ್ತೇವೆ?’ ಎಂದು ನನ್ನನ್ನೇ ತಿರುಗಿ ಕೇಳಿದರು. ನೆಲ್ಲಕ್ಕಿಯಲ್ಲಿ, ಕಂಬದಲ್ಲಿ, ಪತ್ತಾಯದಲ್ಲಿ (ಭತ್ತದ ಕಣಜದಲ್ಲಿ) ಎಂದೆ. ‘ಯಾವಾಗ ಬಿಚ್ಚುತ್ತೇವೆ?’ ಎಂದರು. ಮುಂದಿನ ಪುತ್ತರಿಗೆ ಎಂದೆ. ‘ಮತ್ತೇಕೆ ಗಾಬರಿ? ಅವನು ಮಕ್ಕಳನ್ನು ಕರೆದುಕೊಂಡು ಬರಲಿ. ಕದಿರು ಅಲ್ಲೇ ಇರುತ್ತದೆ. ಹೊಸ ಅಕ್ಕಿಯಲ್ಲಿ ಒಂದು ಹಿಡಿ ತೆಗೆದಿಡು, ಅವರು ಬಂದ ದಿನ ಪಾಯಸ ಮಾಡೋಣ’ ಎಂದರು.

ಭಾವನಿಗೆ ಆಗಲೇ ಫೋನ್ ಮಾಡಿದೆ. ಅವರು ಮಾತನಾಡಲಿಲ್ಲ, ಅತ್ತಿಗೆ ಫೋನ್ ತೆಗೆದುಕೊಂಡರು. ಡಿಸೆಂಬರ್ 19ಕ್ಕೆ ಹೊರಡುತ್ತಾರೆ, ನಾಲ್ವರೂ. ಪುತ್ತರಿಯ ರಾತ್ರಿ ಇಲ್ಲಿ ಎಂಟೂವರೆಯಾದರೆ ಅವರಿಗೆ ಬೆಳಗಿನ ಹತ್ತು. ಅಮ್ಮತ್ತಿಯ ತಮ್ಮ ಬರೆದ ಹಾಗೆ ಗದ್ದೆಯಲ್ಲಿ ಚಿತ್ರ ನಿಲ್ಲದಿರಲೆಂದು, ಬದುವಿನ ಹತ್ತಿರ ಎಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂದು ಇಂದು ಬೆಳಗ್ಗೆ ಮೂಲೆ ಮೂಲೆ ನಡೆದು ನೋಡಿದೆ. ಹಲಸಿನ ಮರದ ಬುಡದಲ್ಲಿ ಸಿಗುತ್ತದೆ. ಅಲ್ಲಿಗೆ ಒಂದು ಕೋಲು ನೆಟ್ಟು ಗುರುತು ಮಾಡಿದ್ದೇನೆ.

ಉಳಿದ 27 ಜನ ಹಬ್ಬಕ್ಕೇ ಬರುತ್ತಾರೆ. ನಾದಿನಿ ಕಣ್ಣೂರಿಗೆ ಟಿಕೆಟ್ ತೆಗೆಯುತ್ತಿದ್ದಾಳೆ. ಮೈದುನನ ರಜೆಯ ವಿಷಯ ಅತ್ತೆಗೆ ಹೇಳಿಲ್ಲ. ಬಾಳೆಗೊನೆ ಯಾವುದು ಕಡಿಯಬೇಕೆಂದು ಗುರುತು ಹಾಕಿದ್ದೇನೆ. ಸೌದೆ ಕೊಟ್ಟಿಗೆ ಸೇರಿದೆ. ದೀಪ ಉಜ್ಜುವುದನ್ನು ಮೆಲ್ಬರ್ನ್‌ನ ಹುಡುಗಿಗೆಂದು ಬಿಟ್ಟಿದ್ದೇನೆ.

ಇಂದು ಮಧ್ಯಾಹ್ನ ಅಡುಗೆಮನೆಗೆ ಹೋದರೆ ಅತ್ತೆ ಕಪಾಟಿನ ಮುಂದೆ ಕುಳಿತಿದ್ದರು. ಒಂದು ಗಂಟಿನ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು, ಅದೇ ದಾರಕ್ಕೆ ಕೆಳಗೆ ಇನ್ನೂ ಎರಡು ಪುಟ್ಟ ಗಂಟು ಹಾಕುತ್ತಿದ್ದರು. ಟೊರಾಂಟೊದ ಮಕ್ಕಳಿಬ್ಬರು.